ನಡಿಗೆ ನಿಂತರೆ ನಷ್ಟ ಯಾರಿಗೆ?

ಸಹಾಯಾರ್ಥ ನಡಿಗೆಯೊಂದು ಒಂದು ಊರಿನಲ್ಲಿ ನಿಂತುಹೋದರೆ ಆ ಸುದ್ದಿ ನಾಲ್ಕು ದಿನಗಳಲ್ಲಿ ಹಳತಾಗುತ್ತದೆ. ಆದರೆ ಅದರಿಂದ ಕೂಡಿಬರುತ್ತಿದ್ದ ಹಣವನ್ನು ನೆಚ್ಚಿಕೊಂಡಿದ್ದ ಬಡರೋಗಿಗಳ ಸಂಕಟ ಹಳತಾಗುವುದಿಲ್ಲ. ಅಮೆರಿಕದ ಸೂಸನ್ ಜಿ. ಕೋಮೆನ್ ಸಂಸ್ಥೆಯ ಸುತ್ತ 2011ರಿಂದ 2013ರವರೆಗೆ ಎದ್ದ ವಿವಾದ ಇದಕ್ಕೆ ನಿದರ್ಶನವಾಗಿದೆ. ಅಲ್ಲಿನ ಕಥೋಲಿಕ ಸಮುದಾಯವೂ ಈ ವಿವಾದದಲ್ಲಿ ಭಾಗಿಯಾಗಿದ್ದುದರಿಂದ ಅದನ್ನು ಸಮಚಿತ್ತದಿಂದ ಅವಲೋಕಿಸುವುದು ಉಚಿತ.

ಸೂಸನ್ ಕೋಮೆನ್ 1980ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿಗೆ ತುತ್ತಾದರು. ಅವರ ನೆನಪಿಗಾಗಿ ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದರು. ಮರುವರ್ಷ ಡಲ್ಲಾಸ್ ನಗರದಲ್ಲಿ ಸುಮಾರು 800 ಮಂದಿಯೊಡನೆ ಆರಂಭವಾದ ಸಹಾಯಾರ್ಥ ಓಟ ಕಾಲಕ್ರಮೇಣ ಊರೂರಿಗೆ ಹಬ್ಬಿತು. ಇದರ ಜೊತೆಗೆ ಮೂರು ದಿನಗಳಲ್ಲಿ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ನಡೆಯುವ ಕಾರ್ಯಕ್ರಮವೂ ಸೇರಿಕೊಂಡಿತು. ಅದರಲ್ಲಿ ಪಾಲ್ಗೊಳ್ಳುವವರು ತಲಾ ಕನಿಷ್ಠ 2,300 ಡಾಲರ್ ಸಂಗ್ರಹಿಸಬೇಕಿತ್ತು.

2011ರ ಜುಲೈನಲ್ಲಿ ಒಹಾಯೊ ರಾಜ್ಯದ ಟೊಲೀಡೊ ಧರ್ಮಪ್ರಾಂತ್ಯದ ಅಂದಿನ ಬಿಷಪ್ ಲಿಯೊನಾರ್ಡ್ ಬ್ಲೇರ್ ಅವರು, ಧರ್ಮಕೇಂದ್ರಗಳೂ ಕಥೋಲಿಕ ಶಾಲೆಗಳೂ ಈ ಸಂಸ್ಥೆಗಾಗಿ ಹಣ ಸಂಗ್ರಹಿಸಬಾರದೆಂದು ಪತ್ರ ಬರೆದರು. ಮಾನವ ಭ್ರೂಣವನ್ನು ನಾಶಪಡಿಸಿ ಪಡೆಯುವ ಸ್ಟೆಮ್ ಸೆಲ್‌ಗಳ ಸಂಶೋಧನೆಯನ್ನು ಧರ್ಮಸಭೆ ಒಪ್ಪುವುದಿಲ್ಲ. ತಮಗೆ ತಿಳಿದಮಟ್ಟಿಗೆ ಸಂಸ್ಥೆ ಅಂಥ ಸಂಶೋಧನೆಗೆ ಹಣ ನೀಡುತ್ತಿಲ್ಲವೆಂದು ಬಿಷಪರೇ ಪತ್ರದಲ್ಲಿ ತಿಳಿಸಿದ್ದರು; ಮುಂದೆ ನೀಡುವ ಸಾಧ್ಯತೆಯನ್ನು ಸಂಸ್ಥೆಯ ನಿಯಮ ತಳ್ಳಿಹಾಕಿಲ್ಲವೆಂಬುದೇ ಅವರ ಆಕ್ಷೇಪವಾಗಿತ್ತು. ಕ್ಯಾನ್ಸರ್ ರೋಗಿಗಳಿಗೆ ನೆರವಾಗಲು ಬೇರೆ ದಾರಿಯನ್ನೂ ಅವರು ಸೂಚಿಸಿದ್ದರು. ಹೀಗಿದ್ದರೂ, ವರ್ಷಗಟ್ಟಲೆ ನಡಿಗೆಗಾಗಿ ದುಡಿದ ಶ್ರೀಸಾಮಾನ್ಯರಿಗೆ, ಅದರಲ್ಲೂ ಆ ರೋಗದಿಂದ ಪಾರಾಗಿ ಬಂದವರಿಗೆ, ತಮ್ಮ ಶಾಲೆ ಗುಡಿಗಳ ಆಸರೆ ತಪ್ಪುವುದು ಸಣ್ಣ ನೋವಲ್ಲ.

ಮರುವರ್ಷ ವಿವಾದ ದೇಶವ್ಯಾಪಿಯಾಯಿತು. ಗರ್ಭಪಾತದ ಸೇವೆಯನ್ನೂ ನೀಡುವ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಗೆ ಸ್ತನ ತಪಾಸಣೆಗಾಗಿ ಕೊಡುತ್ತಿದ್ದ ಅನುದಾನವನ್ನು ಕೋಮೆನ್ ನಿಲ್ಲಿಸಲಿದೆಯೆಂಬ ಸಂಗತಿ 2012ರ ಜನವರಿ 31ರಂದು ಹೊರಬಿತ್ತು. ಪ್ರತಿಭಟನೆ ಭುಗಿಲೆದ್ದಾಗ ಫೆಬ್ರವರಿ 3ರಂದು ಸಂಸ್ಥೆ ನಿರ್ಧಾರ ಬದಲಿಸಿತು. ಒಂದು ಪಕ್ಷ ಮೊದಲ ನಿರ್ಧಾರಕ್ಕೆ ಮುನಿಯಿತು, ಇನ್ನೊಂದು ಪಕ್ಷ ಎರಡನೆಯದಕ್ಕೆ. ಇತ್ತಂಡಗಳ ವಿಶ್ವಾಸವೂ ಕೈತಪ್ಪಿತು.

2013ರ ಜೂನ್‌ನಲ್ಲಿ, ಮುಂದಿನ ವರ್ಷದಿಂದ ಮೂರು ದಿನಗಳ ನಡಿಗೆಯನ್ನು 14 ನಗರಗಳ ಪೈಕಿ ಏಳರಲ್ಲಿ ಕೈಬಿಡುವುದಾಗಿ ಸಂಸ್ಥೆ ಪ್ರಕಟಿಸಿತು. ಬೋಸ್ಟನ್, ಶಿಕಾಗೊ, ವಾಷಿಂಗ್ಟನ್ ಮುಂತಾದ ನಗರಗಳು ತಮ್ಮ ನಡಿಗೆಯನ್ನು ಕಳೆದುಕೊಂಡವು. ಆರ್ಥಿಕ ಅನಿಶ್ಚಿತತೆಯನ್ನೂ ಇತರ ಕಾರ್ಯಕ್ರಮಗಳ ಪೈಪೋಟಿಯನ್ನೂ ಸಂಸ್ಥೆ ಕಾರಣವಾಗಿ ಕೊಟ್ಟಿತು. ವಿವಾದದ ಫಲವೇ ಇದೆಂದು ಟೀಕಾಕಾರರು ಹೇಳಿದರು. ನಾಲ್ಕು ವರ್ಷಗಳಲ್ಲಿ ಭಾಗವಹಿಸುವವರ ಸಂಖ್ಯೆ ಶೇ. 37ರಷ್ಟು ಇಳಿದಿತ್ತು. ಆ ಇಳಿಕೆ ವಿವಾದಕ್ಕೆ ಮುಂಚೆಯೇ ಆರಂಭವಾದುದರಿಂದ ಎಲ್ಲ ಹೊಣೆಯನ್ನೂ ಒಂದೇ ಕಾರಣದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ದಾನಿಗೆ ತನ್ನ ಹಣದ ದಾರಿಯನ್ನು ವಿಚಾರಿಸುವ ಹಕ್ಕಿದೆ; ಅದು ಜಿಪುಣತನವಲ್ಲ, ಅಂತಃಕರಣದ ಕರ್ತವ್ಯ. ಕೋಮೆನ್ ಸಂಸ್ಥೆಯ ಊರಮಟ್ಟದ ಓಟಗಳಲ್ಲಿ ಖರ್ಚು ಕಳೆದು ಉಳಿದ ಹಣದ ಶೇ. 75ರವರೆಗೆ ಆಯಾ ಊರಿನ ಆರೋಗ್ಯ ಸೇವೆಗೇ ಉಳಿಯುತ್ತಿತ್ತು. ಉಳಿದ ಪಾಲಿನ ಬಗೆಗೂ ಸಂಸ್ಥೆ ಆರಂಭದಲ್ಲೇ ನಿಸ್ಸಂದಿಗ್ಧ ನಿಯಮ ಮಾಡಿದ್ದರೆ ಟೊಲೀಡೊದಲ್ಲಿ ಶಂಕೆಗೆ ಎಡೆಯಿರುತ್ತಿರಲಿಲ್ಲ.

ಎರಡನೆಯದು, ಬಾಗಿಲು ಮುಚ್ಚಿದವರ ಹೊಣೆ. ಸಕಾರಣವಾಗಿಯೇ ಮುಚ್ಚಿರಲಿ, ಅದರಿಂದ ತಪಾಸಣೆ ತಪ್ಪಿಹೋಗಬಹುದಾದ ಬಡಹೆಣ್ಣುಮಗಳು ಆ ವಾದದಲ್ಲಿ ಪಕ್ಷ ವಹಿಸಿದವಳಲ್ಲ. ರೋಗವಾದರೋ ಯಾವ ತೀರ್ಮಾನಕ್ಕೂ ಕಾಯುವುದಿಲ್ಲ. ಬೇರೆ ದಾರಿಯನ್ನು ಪತ್ರದಲ್ಲಿ ಸೂಚಿಸಿದರಷ್ಟೇ ಸಾಲದು; ಆ ದಾರಿಯಲ್ಲಿ ಮೊದಲಿಗಿಂತ ಕಡಿಮೆಯಿಲ್ಲದ ನೆರವು ಅವಳನ್ನು ಮುಟ್ಟಿತೇ ಎಂದು ವರ್ಷದ ಕೊನೆಗೆ ಲೆಕ್ಕ ನೋಡಬೇಕು. ಹಾಗೆ ಲೆಕ್ಕ ಕೊಡಬಲ್ಲ ಸಮುದಾಯಕ್ಕೆ ಮಾತ್ರ 'ಇಲ್ಲ' ಎನ್ನುವ ನೈತಿಕ ಅಧಿಕಾರವಿರುತ್ತದೆ.