ನಡುಗುವ ತಲಕಟ್ಟು

ಸಾಹಿತ್ಯ ಬೋಧಿಸುವವನಿಗೆ ಗಣಕಯಂತ್ರದ ಗೊಡವೆಯೇಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನಾನು ಪಟ್ಟ ಪಾಡು ಯಂತ್ರದಲ್ಲಿ ಮೊದಲಾಗಿ ಅಕ್ಷರದಲ್ಲಿ ಮುಗಿಯಿತಾದ್ದರಿಂದ, ಅದನ್ನು ಇಲ್ಲಿ ಹೇಳಿಕೊಳ್ಳಲು ನನಗೂ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಯಂತ್ರದ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ 1981ರ ಕೊನೆಯಲ್ಲಿ ಹೊರತಂದದ್ದು. ಅದರ ನೆನಪಿನ ಶಕ್ತಿ 32 ಕಿಲೋಬೈಟು. ಇಂದು ಜೇಬಿನ ದೂರವಾಣಿಯಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಅಷ್ಟು ಸ್ಥಳ ಸಾಲದು. 1984-85ರಲ್ಲಿ ಭಾರತ ಸರ್ಕಾರವು ಶಾಲೆಗಳಲ್ಲಿ ಗಣಕಶಿಕ್ಷಣಕ್ಕಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಕೈಗೊಂಡಾಗ ಈ ಯಂತ್ರವನ್ನೇ ಆರಿಸಿಕೊಂಡಿತು. ನನ್ನ ತಂದೆ ಗಣಿತದ ಅಧ್ಯಾಪಕರಾಗಿದ್ದ ಪ್ರೌಢಶಾಲೆಗೂ ಅದು ಹೀಗೆಯೇ ಬಂದಿತು. ಎಷ್ಟೋ ವರ್ಷಗಳ ಮೇಲೆ ಶಾಲೆಯವರು ಹಳೆಯ ಸಾಮಾನನ್ನು ಹರಾಜು ಹಾಕಿದಾಗ ತಂದೆ ಒಂದು ಯಂತ್ರವನ್ನು ಕೊಂಡುತಂದು ಅಟ್ಟದ ಮೇಲಿಟ್ಟರು. ಅವರು ತೀರಿಕೊಂಡು ಆರು ವರ್ಷವಾಯಿತು.

ಯಂತ್ರದ ಜೊತೆಗೆ ಒಂದು ಚೌಕಳಿ ಹಾಳೆಯ ಪುಸ್ತಕವಿದ್ದಿತು. ಬಿಬಿಸಿ ಮೈಕ್ರೋಗೆ ಕನ್ನಡ ತಿಳಿಯದು; ಆದರೆ ಎಂಟು ಸಾಲು ಎಂಟು ಮನೆಗಳ ಚೌಕದಲ್ಲಿ ಯಾವ ಆಕಾರವನ್ನು ತುಂಬಿ, ಸಾಲಿಗೊಂದರಂತೆ ಎಂಟು ಅಂಕಿಗಳಲ್ಲಿ ಹೇಳಿಕೊಟ್ಟರೂ ಅದನ್ನು ಹೊಸ ಅಕ್ಷರವೆಂದು ಒಪ್ಪಿಕೊಳ್ಳುತ್ತದೆ. ಅಂಥ 32 ಚೌಕಗಳಿಗೆ ಅದರಲ್ಲಿ ಸಿದ್ಧವಾದ ಎಡೆಯುಂಟು. ನಮ್ಮ ದುಂಡಕ್ಷರ ಒಂದು ಚೌಕದಲ್ಲಿ ಹಿಡಿಸಲಾರದೆ ನಾಲ್ಕನ್ನು ಬೇಡಿತು. ಹೀಗಾಗಿ ಒಮ್ಮೆಗೆ ಎಂಟೇ ಅಕ್ಷರ. ನನ್ನ ತಾಯಿಯ ಬರವಣಿಗೆ ಮುತ್ತಿನಂಥದು. ರಾತ್ರಿ ಊಟವಾದ ಮೇಲೆ ಅವರು ಚೌಕಳಿಯಲ್ಲಿ ಅಕ್ಷರ ತುಂಬುವುದು, ತಂದೆ ಅದನ್ನು ಅಂಕಿಗಿಳಿಸುವುದು. ಪುಸ್ತಕದ ಮೊದಲ ಪದ ‘ಕಮಲ’. ಶಾಲೆಯ ವಾರ್ಷಿಕೋತ್ಸವದ ದಿನ ಅದು ತೆರೆಯ ಮೇಲೆ ಮೂಡಿದಾಗ ತಾಯಿಯೂ ಹೋಗಿ ನೋಡಿ ಬಂದಿದ್ದರು.

ಈಗ ಅವರಿಗೆ ಎಪ್ಪತ್ತೆಂಟು ವರ್ಷ. ಗ್ಲಾಕೋಮಾ ಎಂಬ ನೇತ್ರರೋಗದಿಂದ ದೃಷ್ಟಿ ಅಂಚಿನಿಂದ ಒಳಕ್ಕೆ ಮಸುಕಾಗುತ್ತ ಬಂದಿದೆ. ಹೋದದ್ದು ಮರಳುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. “ಆ ಕಮಲವನ್ನು ಇನ್ನೊಮ್ಮೆ ನೋಡಬಹುದೇನೋ?” ಎಂದು ಅವರು ಕೇಳಿದ್ದು ಯುಗಾದಿಯ ದಿನ. ನಾನು ಅಟ್ಟ ಹತ್ತಿದೆ.

ಯಂತ್ರವನ್ನು ಮನೆಯಲ್ಲಿದ್ದ ಹೊಸ ಮಾನಿಟರಿಗೆ ಜೋಡಿಸುವುದು ಒಂದು ಸಂಜೆಯ ಕೆಲಸವೆಂದುಕೊಂಡಿದ್ದೆನು; ಐದು ಭಾನುವಾರ ಹಿಡಿಯಿತು. ಮೊದಲ ದಿನ, ಮೂಳೆವೈದ್ಯನಂತೆ ತಂತಿಗೆ ತಂತಿ ಕೂಡಿಸಿ ಗುಂಡಿ ಒತ್ತಿದರೆ, ತೆರೆ ಒಮ್ಮೆ ಬೆಳಗಿ, ಕಪ್ಪಾಗಿ, ಮತ್ತೆ ಬೆಳಗಿ, ಕಡೆಗೆ ‘ಈ ಸಂಕೇತ ನನ್ನ ಮಿತಿಯ ಹೊರಗಿನದು’ ಎಂಬರ್ಥದ ಮಾತನ್ನು ತೋರಿ ಕಣ್ಣು ಮುಚ್ಚಿತು. ಕಾರಣ ಸರಳ. ಹಳೆಯ ಯಂತ್ರ ಮಾತನಾಡುವುದು ದೂರದರ್ಶನದ ಪೆಟ್ಟಿಗೆಯ ಭಾಷೆ: ಸೆಕೆಂಡಿಗೆ 15,625 ಗೆರೆ. 1987ರಲ್ಲಿ ಬಂದ ವಿಜಿಎ ಪದ್ಧತಿಯಿಂದೀಚೆಗೆ ಗಣಕದ ಮಾನಿಟರುಗಳು ಸುಮಾರು 31,500 ಗೆರೆಗಳಿಗೆ ಒಗ್ಗಿಕೊಂಡವು. ಅದಕ್ಕಿಂತ ನಿಧಾನವಾದದ್ದನ್ನು ಹೆಚ್ಚಿನವು ಗುರುತಿಸುವುದೇ ಇಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಪರಿವರ್ತಕವೆಂದು ಹೆಸರು. ಪೇಟೆಯಿಂದ ಅಗ್ಗದ್ದೊಂದನ್ನು ತಂದೆನು.

ಚಿತ್ರವೇನೋ ಬಂದಿತು, ಆದರೆ ಎರಡು ಅಗಲವಾದ ಮಬ್ಬು ಪಟ್ಟಿಗಳು ತೆರೆಯ ಬುಡದಿಂದ ತುದಿಗೆ ಮೆಲ್ಲಗೆ ತೆವಳುತ್ತಿದ್ದವು. ನಾನು ಪರಿವರ್ತಕವನ್ನು ಬಯ್ದೆನು. ತಪ್ಪು ಅದರದಲ್ಲ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ಸುಮಾರು 50 ಸಲ ಏರಿಳಿಯುವಂಥದು. ಅದನ್ನು ಸಮ ಮಾಡಬೇಕಾದ ಕೆಪಾಸಿಟರುಗಳು ಮುಪ್ಪಿನಿಂದ ಒಣಗಿದರೆ ಸೆಕೆಂಡಿಗೆ 100 ಅಲೆ ಚಿತ್ರದೊಳಗೆ ನುಸುಳುತ್ತದೆ. ಚಿತ್ರ ಸೆಕೆಂಡಿಗೆ 50 ಆದ್ದರಿಂದ, ಒಂದೊಂದು ಚಿತ್ರದ ಪಾಲಿಗೆ ಎರಡೆರಡು ಪಟ್ಟಿ. ಎರಡರ ವೇಗವೂ ಕೂದಲೆಳೆಯಷ್ಟು ಬೇರೆಯಾದುದರಿಂದ ಪಟ್ಟಿ ನಿಲ್ಲದೆ ತೆವಳುತ್ತದೆ. ಯಂತ್ರವನ್ನು ತಿಳಿದ ರಿಪೇರಿಯವರ ಬಳಿಗೊಯ್ದು ವಿದ್ಯುತ್ ಘಟಕದ ಹಳೆಯ ಕೆಪಾಸಿಟರುಗಳನ್ನು ಬದಲಾಯಿಸಿದ ಮೇಲೆ ಅದು ಮಾಯವಾಯಿತು. ಈ ಕೆಲಸಕ್ಕೆ ನನ್ನಂಥವರು ಕೈಹಾಕಬಾರದು. ಆ ಘಟಕದೊಳಗೆ ಗುಂಡಿ ಆರಿಸಿದ ಮೇಲೂ 300 ವೋಲ್ಟಿಗೆ ಮೀರಿದ ವಿದ್ಯುತ್ತು ಕೆಲವು ಕಾಲ ಅಡಗಿ ಕುಳಿತಿರುತ್ತದೆ.

ಮೂರನೆಯ ಭಾನುವಾರ ಪುಸ್ತಕದಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಬೆರಳಚ್ಚಿಸಿದೆನು. ಮೇಲ್ತುದಿಯಲ್ಲಿ, ಅಕ್ಷರಗಳಿಗೂ ಮೊದಲು, ತಂದೆ ಬರೆದ ಒಂದು ಸಣ್ಣ ಆಜ್ಞೆ ಇದ್ದಿತು. ಹೆಸರಿನಲ್ಲೇ ‘ಟಿವಿ’ ಎಂದಿದ್ದುದರಿಂದ, ಅಂದಿನ ದೂರದರ್ಶನ ಪೆಟ್ಟಿಗೆಗೆ ಮಾತ್ರ ಸಂಬಂಧಿಸಿದ್ದೆಂದು ಬಿಟ್ಟುಬಿಟ್ಟೆ. ‘ಕಮಲ’ ಮೂಡಿತು. ಆದರೆ ‘ಕ’ಕಾರ ‘ಮ’ಕಾರಗಳ ತಲಕಟ್ಟು ಜ್ವರ ಬಂದವರ ತುಟಿಯಂತೆ ಅದುರುತ್ತಿದ್ದಿತು. ತಲಕಟ್ಟಿಲ್ಲದ ‘ಲ’ಕಾರ ಹೆಚ್ಚುಕಡಮೆ ನಿಶ್ಚಲವಾಗಿತ್ತು.

ತಾಯಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನೋಡಿದರು. ಒಂದು ನಿಮಿಷದೊಳಗೆ ಕಣ್ಣಲ್ಲಿ ನೀರಾಡಿ ಮುಖ ತಿರುಗಿಸಿದರು. ನಾನು ಓದಿಕೊಂಡಿದ್ದ ಸಮಾಧಾನವನ್ನು ಹೇಳಿದೆ: “ಆಗಲೂ ನಡುಗುತ್ತಿತ್ತಮ್ಮ. ಹಳೆಯ ಗಾಜಿನ ತೆರೆಯಲ್ಲಿ ಕಣ್ಣಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ.” ಅವರು ತಲೆಯಾಡಿಸಿದರು. “ಇಲ್ಲ. ಮೊದಲು ನಡುಗುತ್ತಿತ್ತು. ಆಮೇಲೆ ಅವರು ಸರಿಮಾಡಿದರು. ನಾನು ನೋಡುವಾಗ ನಡುಗುತ್ತಿರಲಿಲ್ಲ.”

ವಿದ್ವಾಂಸರು ಹಸ್ತಪ್ರತಿಯಲ್ಲಿ ತಮಗೆ ತಿಳಿಯದ ಪಾಠವನ್ನು ಲಿಪಿಕಾರನ ದೋಷವೆಂದು ಬಿಟ್ಟುಬಿಡುವುದುಂಟು. ಹಾಗೆ ಮಾಡಬೇಡಿರೆಂದು ನಾನು ಪ್ರತಿವರ್ಷವೂ ಎಂ.ಎ. ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈಗ ನನ್ನ ಕೈಯಿಂದಲೇ ಆ ತಪ್ಪಾಗಿತ್ತು. ಬಿಟ್ಟಿದ್ದ ಮೊದಲ ಸಾಲಿಗೆ ಮರಳಿದೆನು. ಅಲ್ಲಿದ್ದದ್ದು ಇಷ್ಟೆ: ನಕ್ಷತ್ರಚಿಹ್ನೆ, ‘ಟಿವಿ’ ಎಂಬ ಪದ, ಮುಂದೆ ‘0,1’.

ದೂರದರ್ಶನದ ಚಿತ್ರದಲ್ಲಿ 625 ಗೆರೆ. ಅಷ್ಟನ್ನೂ ಒಂದೇ ಸಲ ಬರೆಯುವುದಿಲ್ಲ. ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಬೆಸ ಗೆರೆ, ಮತ್ತೆ ಅಷ್ಟೇ ಹೊತ್ತಿನಲ್ಲಿ ಸಮ ಗೆರೆ. ಇದು ಇಂಟರ್‌ಲೇಸ್ ಪದ್ಧತಿ. ನಮ್ಮ ಯಂತ್ರ ಎರಡು ಸಲವೂ ಅದೇ ಅಕ್ಷರವನ್ನೇ ಬರೆಯುತ್ತದೆ, ಎರಡನೆಯ ಸಲ ಒಂದು ಎಳೆ ಸರಿದು. ಆದುದರಿಂದ ಅಡ್ಡಗೆರೆಯೊಂದು ಸೆಕೆಂಡಿಗೆ 25 ಸಲ ಮೇಲಕ್ಕೂ ಕೆಳಕ್ಕೂ ತುಯ್ಯುತ್ತದೆ. ಲಂಬಗೆರೆಗೆ ಇದರಿಂದ ಬಾಧೆಯಿಲ್ಲ, ತೆಳುವಾದ ತಲಕಟ್ಟಿಗೆ ಪೂರ್ಣ ಬಾಧೆ. ತಂದೆಯ ಆಜ್ಞೆಯ ಕೊನೆಯ ‘1’ ಎಂಬ ಅಂಕಿಯ ಅರ್ಥ: ಇಂಟರ್‌ಲೇಸ್ ನಿಲ್ಲಿಸು. ಆಜ್ಞೆ ಕೊಟ್ಟೊಡನೆ ಫಲ ಕಾಣದು. ಮುಂದಿನ ಮೋಡ್ ಬದಲಾವಣೆಯಲ್ಲಿ ಕಾಣುತ್ತದೆ. ಅದಕ್ಕೇ ಅವರು ಅದನ್ನು ಮೋಡ್ 4ರ ಆಜ್ಞೆಗಿಂತ ಮೇಲೆ ಬರೆದಿದ್ದರು. ಮೋಡ್ 7 ಎಂಬ ಟೆಲಿಟೆಕ್ಸ್ಟ್ ಕ್ರಮದಲ್ಲಿ ಮಾತ್ರ ಇದು ನಡೆಯದು.

ಸಾಲನ್ನು ಸೇರಿಸಿದೆನು. ನಡುಕ ಬಹಳಮಟ್ಟಿಗೆ ಇಳಿಯಿತು, ಪೂರ್ತಿಯಾಗಿ ಅಡಗಲಿಲ್ಲ. ಅಗ್ಗದ ಪರಿವರ್ತಕಕ್ಕೆ ಬಂದದ್ದೆಲ್ಲ ಇಂಟರ್‌ಲೇಸ್ ಎಂದೇ ನಂಬಿಕೆ. ನೆಟ್ಟಗಿರುವ ಚಿತ್ರವನ್ನೂ ಅದು ಎಳೆಯಷ್ಟು ಅಲುಗಿಸಿ ‘ತಿದ್ದುತ್ತದೆ’. ಅಲ್ಲದೆ ಯಂತ್ರ ಸೆಕೆಂಡಿಗೆ 50 ಚಿತ್ರ ಕೊಟ್ಟರೆ ಅದು ಮಾನಿಟರಿಗೆ 60 ಕೊಡುತ್ತಿದ್ದಿತು. ಐದಕ್ಕೊಂದು ಚಿತ್ರವನ್ನು ಎರಡು ಸಲ ತೋರಿಸಿದರಲ್ಲದೆ ಲೆಕ್ಕ ಸರಿಹೋಗದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿ, ಚಲಿಸುವುದೆಲ್ಲ ಮುಗ್ಗರಿಸುತ್ತದೆ.

ವಿಜ್ಞಾನ ವಿಭಾಗದ ಸಹೋದ್ಯೋಗಿಯೊಬ್ಬರು ‘ಆರ್‌ಜಿಬಿ ಟು ಎಚ್‌ಡಿಎಂಐ’ ಎಂಬ ಪುಟ್ಟ ಉಪಕರಣವನ್ನು ಎರವಲು ಕೊಟ್ಟರು. ರಾಸ್ಪ್‌ಬೆರಿ ಪೈ ಝೀರೋ ಎಂಬ ಅಂಗೈಯಗಲದ ಗಣಕವನ್ನು ಆಧರಿಸಿದ ಇದನ್ನು ಹವ್ಯಾಸಿಗಳು ಇಂಥ ಯಂತ್ರಗಳಿಗಾಗಿಯೇ ರೂಪಿಸಿದ್ದಾರೆ. ಇದು ಯಂತ್ರದ ಬೆನ್ನಿನ ಆರು ಕಡ್ಡಿಯ ಆರ್‌ಜಿಬಿ ಕಿಂಡಿಯಿಂದ ಚುಕ್ಕಿಗಳನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಮಾನಿಟರು ಒಪ್ಪಿದರೆ ತನ್ನ ಗತಿಯನ್ನೂ ಯಂತ್ರದ 50ಕ್ಕೇ ಹೊಂದಿಸಿಕೊಳ್ಳುತ್ತದೆ. ಮೊದಲಿಗೆ ಅಕ್ಷರದ ಅಂಚುಗಳಲ್ಲಿ ಇರುವೆ ಹರಿದಂತೆ ಮಿಣುಮಿಣುಕು ಕಂಡಿತು. ಚುಕ್ಕಿಯ ನಟ್ಟನಡುವೆ ಅಳೆಯುವ ಬದಲು ಅಂಚಿನಲ್ಲಿ ಅಳೆದರೆ ಹೀಗಾಗುವುದು. ಉಪಕರಣದ ಪಟ್ಟಿಯಲ್ಲಿ ಅಳತೆಯ ಕ್ಷಣವನ್ನು ತುಸು ಹಿಂದಕ್ಕೆ ಸರಿಸಿದೊಡನೆ ನಿಂತಿತು.

ಇದೇ ದಾರಿಯಲ್ಲಿ ಬರುವವರಿಗಾಗಿ ನಾನು ಕಲಿತ ಅನುಕ್ರಮವನ್ನು ಹೇಳಿಬಿಡುತ್ತೇನೆ. ಉಪಕರಣ ಕೊಳ್ಳುವ ಮುನ್ನ ನಡುಕದ ಜಾತಿಯನ್ನು ನೋಡಬೇಕು. ತೆರೆಯೇ ಬಂದುಹೋಗುತ್ತಿದ್ದರೆ ಗೆರೆಯ ಗತಿ. ಪಟ್ಟಿ ತೆವಳಿದರೆ ವಿದ್ಯುತ್ತು. ಅಡ್ಡಗೆರೆ ಮಾತ್ರ ಅದುರಿದರೆ ಇಂಟರ್‌ಲೇಸ್. ಅಂಚು ಮಿಣುಕಿದರೆ ಅಳತೆಯ ಕ್ಷಣ. ಚಲನೆ ಮುಗ್ಗರಿಸಿದರೆ 50 ಮತ್ತು 60ರ ಜಗಳ. ನಾನು ಇದನ್ನು ತಿಳಿಯದೆ ಒಂದರ ಮದ್ದನ್ನು ಇನ್ನೊಂದಕ್ಕೆ ಕುಡಿಸಿದ್ದೆನು.

ಐದನೆಯ ಭಾನುವಾರ ಸಂಜೆ ತಾಯಿಯನ್ನು ಕರೆದು ಕೂರಿಸಿದೆನು. ಕಪ್ಪು ತೆರೆಯ ಮೇಲೆ ಬಿಳಿಯ ‘ಕಮಲ’ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದ್ದಿತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, “‘ಮ’ಕಾರದ ಬಾಲ ಒಂದು ಮನೆ ಉದ್ದವಾಯಿತು. ಆಗಲೇ ಹೇಳಿದ್ದೆ, ನಿಮ್ಮಪ್ಪ ಕೇಳಲಿಲ್ಲ” ಎಂದರು. ಪುಸ್ತಕ ತೆರೆದು ನೋಡಿದರೆ ಚೌಕಳಿಯಲ್ಲಿ ಆ ಮನೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿತ್ತು. ಪಕ್ಕದ ಅಂಕಿಯನ್ನು ಮಾತ್ರ ತಿದ್ದಿರಲಿಲ್ಲ. ಅವರ ಮುಂದೆಯೇ ಆ ಅಂಕಿಯನ್ನು ತಿದ್ದಿದೆನು.