ದಿನಚರಿಗೆ ಪುಸ್ತಕವೇ ಬೇಕೇ?

ಜನವರಿ ಒಂದರಂದು ಉತ್ಸಾಹದಿಂದ ಹೊಸ ಡೈರಿ ತೆರೆದು, ಸಂಕ್ರಾಂತಿಯ ಹೊತ್ತಿಗೆ ಅದನ್ನು ಕಪಾಟಿಗೆ ಸೇರಿಸುವವರಲ್ಲಿ ನೀವೂ ಒಬ್ಬರೇ? ಈ ಸಲ ಅಂತರ್ಜಾಲದಲ್ಲಿ ಉಳಿಯುವ ದಿನಚರಿಯನ್ನು ಪ್ರಯತ್ನಿಸಿ ನೋಡಿ.

ಮೊದಲನೆಯದು, ಅದು ಸದಾ ಕೈಯಲ್ಲಿರುತ್ತದೆ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯೇಗೊಗೆ ಸುಮಾರು 120 ಮೈಲಿ. ಫ್ರೀವೇಯಲ್ಲಿ ವಾಹನಗಳು ತೆವಳುವಾಗ, ಕಾರು ಓಡಿಸದೆ ಪಕ್ಕದಲ್ಲಿ ಕೂತವರು ನಾಲ್ಕು ಸಾಲು ಬರೆದು ಮುಗಿಸಬಹುದು. ಟೈಪ್ ಮಾಡುವುದು ಕಷ್ಟವಾದರೆ ಮಾತನಾಡಿದರೂ ಸಾಕು. ಗೂಗಲ್‌ನ ಧ್ವನಿ ಟೈಪಿಂಗ್ 2017ರಿಂದ ಕನ್ನಡವನ್ನೂ ಬರೆದುಕೊಳ್ಳುತ್ತದೆ. ಬೆರಳು ನೋವಿನ ಹಿರಿಯರಿಗೆ ಇದು ದೊಡ್ಡ ಉಪಕಾರ.

ಎರಡನೆಯದು, ಹುಡುಕಾಟ. ಮಗುವಿಗೆ ಮೊದಲ ಹಲ್ಲು ಬಂದದ್ದು ಯಾವಾಗ? ಅತ್ತೆ ಹೇಳಿದ ಮೆಣಸಿನಕಾಯಿ ಗೊಜ್ಜಿನ ಅಳತೆ ಎಷ್ಟು? ಒಂದು ಪದ ಕೊಟ್ಟರೆ ಆ ಪುಟ ಎದುರಿಗೆ ಬರುತ್ತದೆ.

ಮೂರನೆಯದು ನಮ್ಮ ಈ ಊರುಗಳಿಗೆ ಹೆಚ್ಚು ಮುಖ್ಯ. 2003ರ ಅಕ್ಟೋಬರ್‌ನ ಸೀಡರ್ ಕಾಳ್ಗಿಚ್ಚು ಸ್ಯಾನ್ ಡಿಯೇಗೊ ಕೌಂಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳಿಗೆ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬಲಿಯಾದವು. ಮನೆ ಬಿಡಿ ಎಂಬ ಸೂಚನೆ ಬಂದಾಗ ಪಾಸ್‌ಪೋರ್ಟ್, ಔಷಧಿಗಳತ್ತ ಕೈ ಹೋಗುತ್ತದೆ. ಇಪ್ಪತ್ತು ವರ್ಷಗಳ ಡೈರಿಗಳನ್ನು ಹೊರುವವರು ಯಾರು? ಬೇರೆಡೆ ಪ್ರತಿ ಇದ್ದರೆ ಆ ಚಿಂತೆಯಿಲ್ಲ.

ಆದರೆ ಮೂರು ಎಚ್ಚರಗಳು. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿಕೊಂಡು ಇನ್ನೊಂದು ಕಡೆ ಇಡಿ. ಒಂದೇ ಕಂಪನಿಯನ್ನು ನಂಬಿ ಕೂರಬೇಡಿ. ಗುಪ್ತಪದವನ್ನು ನಂಬಿಕೆಯ ಒಬ್ಬರಿಗಾದರೂ ತಲುಪುವಂತೆ ಮಾಡಿ.

ಅಮ್ಮನ ಕೈಬರಹದ ಆಪ್ತತೆ ಪರದೆಗೆ ಬಾರದು, ನಿಜ. ಅಂಥ ಹಳೆಯ ಪುಟಗಳನ್ನು ಎಸೆಯದೆ, ಫೋಟೊ ತೆಗೆದು ಇದೇ ದಿನಚರಿಗೆ ಸೇರಿಸಿ.

ಕೊನೆಯ ಮಾತು ಮಕ್ಕಳದ್ದು. ಇಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಿಮ್ಮ ಕಾಗದದ ಡೈರಿ ಅವರ ಪಾಲಿಗೆ ಮುಚ್ಚಿದ ಪುಸ್ತಕ. ಯೂನಿಕೋಡ್ ಬರಹವನ್ನಾದರೆ ಫೋನ್ ಗಟ್ಟಿಯಾಗಿ ಓದಿ ಹೇಳಬಲ್ಲದು. ಯಂತ್ರದ ದನಿಯಾದರೇನು, ಮಾತು ನಿಮ್ಮದೇ ಅಲ್ಲವೇ? ಇವತ್ತು ರಾತ್ರಿ ತಾರೀಖು, ಊರಿನ ಹೆಸರು, ಜೊತೆಗೆ ಒಂದೇ ಒಂದು ವಾಕ್ಯ ಬರೆಯಿರಿ. ಶುರುಮಾಡಲು ಅಷ್ಟು ಸಾಕು.