ಹೊಗೆಯ ರುಚಿ, ಶಾಖದ ಹದ

ಕಳೆದ ವರ್ಷ ಮಾಘಮಾಸದ ಒಂದು ರವಿವಾರ, ಗಡಹಿಂಗ್ಲಜದಲ್ಲಿರುವ ನಮ್ಮ ಸೋದರತ್ತೆಯವರ ಹಿತ್ತಲಿನಲ್ಲಿ ಹನ್ನೆರಡು ಜನ ನೆಂಟರು ಹಸಿದ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಪೀಪಾಯಿಯನ್ನು ಸುತ್ತುವರಿದು ಕುಳಿತಿದ್ದೆವು. ಇಚಲಕರಂಜಿಯ ಮಗ್ಗದ ಕಾರಖಾನೆಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಅಕ್ಕನ ಮಗ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಪರದೇಶಗಳಲ್ಲಿ ಮಾಂಸವನ್ನು ಗಂಟೆಗಟ್ಟಲೆ ಹೊಗೆಯಲ್ಲಿಟ್ಟು ಬೇಯಿಸುವ ಗೂಡುಗಳ ಚಿತ್ರಗಳನ್ನು ನೋಡಿ, ಅಂಥದೇ ಒಂದನ್ನು ಹಳೆಯ ಪೀಪಾಯಿಯಿಂದ ತಾನೇ ಮಾಡಿಸಿದ್ದ. ಬೆಳಗಿನ ಎಂಟು ಗಂಟೆಗೆ ಬೆಂಕಿ ಹೊತ್ತಿಸಿ, ಒಳಗೆ ಮೂರು ಕೋಳಿಗಳನ್ನಿಟ್ಟು, ಹೊಗೆಯೆಲ್ಲ ಒಳಗೇ ನಿಲ್ಲಲೆಂದು ಮೇಲಿನ ಕಿಂಡಿಯನ್ನು ಭದ್ರವಾಗಿ ಮುಚ್ಚಿಬಿಟ್ಟ.

ಮಧ್ಯಾಹ್ನ ಒಂದಕ್ಕೆ ಮುಚ್ಚಳ ತೆಗೆದಾಗ ಕಂಡದ್ದು ಬೇರೆಯೇ. ಕೋಳಿಯ ತೊಗಲು ಡಾಂಬರು ಬಳಿದಂತೆ ಕಪ್ಪಾಗಿತ್ತು. ನಾಲಿಗೆಗೆ ತಗಲಿದರೆ ಕಹಿ. ತೊಡೆಯನ್ನು ಸೀಳಿದರೆ ಎಲುಬಿನ ಬಳಿ ಇನ್ನೂ ಹಸಿ ಹಸಿ. ಮಕ್ಕಳು ಆಗಲೇ ತಟ್ಟೆ ಹಿಡಿದು ನಿಂತಿದ್ದವು. ಆಗ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಒಂದೇ ಪ್ರಶ್ನೆ ಕೇಳಿದರು:

“ತಮ್ಮಾ, ಈ ಪೀಪಾಯಿದಾಗ ಮೊದಲ ಏನ ತುಂಬಿದ್ರಪಾ?”

“ಗೊತ್ತಿಲ್ಲ ಆಯಿ, ಗುಜರಿಯಾಗ ಸಿಕ್ಕಿತ್ತು” ಎಂದ ಅವನು.

ನೂಲಿಗೆ ಗಂಜಿ ಹಾಕುವ, ಬಟ್ಟೆಗೆ ಬಣ್ಣ ಕೊಡುವ ಊರಿನ ಗುಜರಿಯಲ್ಲಿ ಸಿಕ್ಕ ಪೀಪಾಯಿ. ಅದರ ಮೇಲಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಅತ್ತೆ ಮತ್ತೊಂದು ಮಾತಾಡಲಿಲ್ಲ. ಮಕ್ಕಳ ಕೈಯಿಂದ ತಟ್ಟೆಗಳನ್ನು ಇಸಿದುಕೊಂಡರು. ಮೂರೂ ಕೋಳಿಗಳನ್ನು ಹಿತ್ತಲ ಮೂಲೆಯಲ್ಲಿ ಹೂಳಿಸಿದರು. ಅಂದು ನಮಗೆಲ್ಲ ಝುಣಕ-ರೊಟ್ಟಿಯ ಊಟವಾಯಿತು. ಇಂಥ ಗೂಡನ್ನು ಕೊಳ್ಳುವ ಇಲ್ಲವೆ ಮಾಡಿಸುವ ವಿಚಾರ ಈಗ ನಮ್ಮ ಕಡೆಯ ಮನೆಗಳಲ್ಲೂ ನಡೆದಿರುವುದರಿಂದ, ಆ ರವಿವಾರ ನಾವು ಕಲಿತದ್ದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಗುಳವ್ಯಾನ ಪಾಠ

ಅತ್ತೆಯವರ ತಂದೆ, ಅಂದರೆ ನನ್ನ ಅಜ್ಜ, ಬೆಲ್ಲದ ಗಾಣದಲ್ಲಿ ಗುಳವ್ಯಾ ಆಗಿದ್ದವರು. ಕೊಲ್ಲಾಪುರದ ಬೆಲ್ಲದ ಕೀರ್ತಿಯನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಶಾಹೂ ಮಹಾರಾಜರು 1895ರಲ್ಲಿ ನೆಲೆಗೊಳಿಸಿದ ಶಾಹೂಪುರಿಯ ಪೇಟೆ ಆ ಬೆಲ್ಲದಿಂದಲೇ ಬೆಳೆಯಿತು. 2014ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಬೆಲ್ಲವನ್ನು ಇಳಿಸುವ ಹದ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್. ಗುಳವ್ಯಾ ಉಷ್ಣಮಾಪಕವನ್ನು ಕಂಡವನಲ್ಲ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹೇಳುತ್ತಿದ್ದ. ಕೆಳಗೆ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವವನು ಒಂದೇ ಸಮನೆ, ಒಂದೊಂದೇ ಹಿಡಿ ಒಡ್ಡುತ್ತಿದ್ದ. ಒಮ್ಮೆಲೇ ತುರುಕಿದರೆ ಪಾಕ ಹತ್ತುವುದು. ತಡಮಾಡಿದರೆ ಬೆಲ್ಲ ಗಟ್ಟಿಯಾಗದು.

ವಿಚಿತ್ರವೆಂದರೆ, ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವವರು ಬಯಸುವ ಶಾಖವೂ ಹೆಚ್ಚು ಕಡಿಮೆ ಅದೇ: 107ರಿಂದ 121 ಡಿಗ್ರಿ. ಬೆಂಕಿ ದೊಡ್ಡದಾಗಿರಬೇಕಿಲ್ಲ; ಒಂದೇ ತೆರನಾಗಿರಬೇಕು. ಗೂಡನ್ನು ಆರಿಸುವಾಗ ನೋಡಬೇಕಾದ ಮುಖ್ಯ ಸಂಗತಿ ಇದೇ. ಬಣ್ಣ, ಹೊಳಪು, ಗಾಲಿಗಳೆಲ್ಲ ಆಮೇಲಿನ ಮಾತು.

ರುಚಿ ಎಲ್ಲಿಂದ ಬರುತ್ತದೆ?

ಹೊಗೆಯ ರುಚಿ ಕನ್ನಡಿಗರಿಗೆ ಹೊಸದಲ್ಲ. ಕೊಡಗಿನ ಮನೆಗಳಲ್ಲಿ ಹಂದಿಯ ಮಾಂಸವನ್ನು ಒಲೆಯ ಮೇಲ್ಭಾಗದಲ್ಲಿ ತೂಗುಹಾಕಿ ಹೊಗೆಗೆ ಒಣಗಿಸಿಡುವ ಪದ್ಧತಿ ಹಳೆಯದು. ನಮ್ಮ ಹೊಲಗಳಲ್ಲಿ ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುವಾಗ ಬಾಯಿಗೆ ಬರುವುದೂ ಇದೇ ಸೊಗಸು. ಕಟ್ಟಿಗೆಯಲ್ಲಿ ಲಿಗ್ನಿನ್ ಎಂಬ ಅಂಶವಿದೆ. ಅದು ಕಾವಿಗೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳು ಹುಟ್ಟಿ ಮಾಂಸದ ಮೇಲೆ ಕೂಡುತ್ತವೆ. ರುಚಿ, ಪರಿಮಳಗಳು ಬಹುಮಟ್ಟಿಗೆ ಅವುಗಳವೇ.

ಆದರೆ ಹೊಗೆಯಲ್ಲೂ ಒಳ್ಳೆಯದು, ಕೆಟ್ಟದ್ದು ಉಂಟು. ಸಾಕಷ್ಟು ಗಾಳಿ ಸಿಕ್ಕು ಕಟ್ಟಿಗೆ ಚೆನ್ನಾಗಿ ಉರಿದಾಗ ಕಾಣುವುದು ತೆಳುವಾದ, ನಸುನೀಲಿಯ ಹೊಗೆ. ಗಾಳಿ ಸಾಲದೆ ಕಟ್ಟಿಗೆ ನಂದುತ್ತ ಹೊಗೆಯಾಡಿದಾಗ ಏಳುವುದು ದಟ್ಟವಾದ ಬಿಳಿ ಹೊಗೆ. ಮಾಂಸದ ಮೇಲೆ ಕಹಿಯಾದ ಜಿಗುಟು ಕೂಡುವುದು ಅದರಿಂದಲೇ. ಮೇಲಿನ ಕಿಂಡಿ ಮುಚ್ಚಿ ನಮ್ಮ ಹುಡುಗ ಮಾಡಿದ ತಪ್ಪು ಇದೇ. ಹೊಗೆ ಹೋಗುವ ದಾರಿ ಯಾವಾಗಲೂ ತೆರೆದಿರಬೇಕು; ಬೆಂಕಿಯನ್ನು ಕೆಳಗಿನ ಗಾಳಿಕಿಂಡಿಯಿಂದ ಹಿಡಿತದಲ್ಲಿಡಬೇಕು. ಕೆಳಗಿನ ಕಿಂಡಿಯನ್ನು ಒಂದು ಬೆರಳಗಲ ಸರಿಸಿ ಕಾಲುಗಂಟೆ ಕಾಯಬೇಕು, ಆಮೇಲೆ ಮತ್ತೆ ಮುಟ್ಟಬೇಕು. ಅವಸರ ಸಲ್ಲದು.

ಗೂಡುಗಳ ಬಗೆ

ಅಮೇರಿಕೆಯ ಶಿಕಾಗೋದಲ್ಲಿ ಲೋಹದ ಕೆಲಸದ ಕಾರಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ ತನ್ನ ಹಿತ್ತಲ ಒಲೆಗೆ ಗಾಳಿಯ ಕಾಟ ಹೆಚ್ಚಾದಾಗ, ನೀರಿನಲ್ಲಿ ತೇಲಿಬಿಡುವ ಗುರುತಿನ ಲೋಹದ ಬುಂಡೆಯೊಂದನ್ನು ನಡುವೆ ಕೊಯ್ದು, ಕೆಳಗಿನ ಅರ್ಧವನ್ನು ಒಲೆಯಾಗಿ, ಮೇಲಿನ ಅರ್ಧವನ್ನು ಮುಚ್ಚಳವಾಗಿ ಮಾಡಿಕೊಂಡ. ಅದು 1952ರ ಮಾತು. ಇಂದಿಗೂ ಜಗತ್ತಿನೆಲ್ಲೆಡೆ ಮಾರಾಟವಾಗುವ ವೆಬರ್ ಗುಂಡೊಲೆಯ ಮೂಲ ಅದೇ. ಚಿಕ್ಕ ಕುಟುಂಬಕ್ಕೆ ಅದು ಸಾಕಾದೀತು. ಆದರೆ ತೆಳುವಾದ ತಗಡಾದ್ದರಿಂದ ನಾಲ್ಕೈದು ಗಂಟೆ ಒಂದೇ ಶಾಖ ಹಿಡಿಯಲು ಮೇಲಿಂದ ಮೇಲೆ ಲಕ್ಷ್ಯವಿಡಬೇಕು.

ಪಕ್ಕದಲ್ಲಿ ಬೆಂಕಿಯ ಪೆಟ್ಟಿಗೆಯಿದ್ದು, ಹೊಗೆ ಅಡ್ಡವಾಗಿ ಹರಿದು ಬರುವ ಉದ್ದನೆಯ ಗೂಡು ಇನ್ನೊಂದು ಬಗೆ. ನೋಡಲು ಗಂಭೀರ, ರುಚಿಯೂ ಹೆಚ್ಚು. ಆದರೆ ಅದರಲ್ಲಿ ಬೆಂಕಿಯ ಕಡೆಯ ಮಾಂಸ ಹತ್ತಿದರೆ ಆ ತುದಿಯದು ಹಸಿಯಾಗಿ ಉಳಿಯಬಹುದು. ಕಟ್ಟಿಗೆಯನ್ನೂ ಬಹಳ ತಿನ್ನುತ್ತದೆ. ಮಾಡಿಸುವವರು ಕನಿಷ್ಠ ನಾಲ್ಕು ಮಿಲಿಮೀಟರ್ ದಪ್ಪದ ತಗಡನ್ನೇ ಕೇಳಬೇಕು.

ಜಪಾನಿನ ಕಮಾಡೋ ಒಲೆಯಿಂದ ಬೆಳೆದು ಬಂದ, ತತ್ತಿಯಾಕಾರದ ದಪ್ಪ ಸುಟ್ಟಮಣ್ಣಿನ ಗೂಡು ಶಾಖ ಹಿಡಿಯುವುದರಲ್ಲಿ ಎಲ್ಲಕ್ಕೂ ಮಿಗಿಲು. ನಮ್ಮ ತಂದೂರಿಯ ದೂರದ ಬಂಧು ಎನ್ನಬಹುದು. ಆದರೆ ಬೆಲೆ ಮಧ್ಯಮ ವರ್ಗದ ಕೈಗೆಟುಕುವುದಲ್ಲ. ವಿದ್ಯುತ್ತಿನಿಂದ ನಡೆಯುವ, ಮರದ ಹೊಟ್ಟಿನ ಗುಳಿಗೆ ಉರಿಸುವ ಯಂತ್ರಗಳೂ ಇವೆ. ಶಾಖವನ್ನು ತಾವೇ ನೋಡಿಕೊಳ್ಳುತ್ತವೆ, ನಿಜ. ಆದರೆ ಅಡಿಗೆಗೆ ತಕ್ಕ ಶುದ್ಧ ಗುಳಿಗೆ ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗದು, ವಿದ್ಯುತ್ತು ಹೋದರೆ ಅಡಿಗೆಯೂ ನಿಂತಿತು.

ಐದಾರು ಜನರ ಮನೆಗೆ ಯೋಗ್ಯವೆಂದು ನನಗೆ ತೋರಿದ್ದು ನೆಟ್ಟಗೆ ನಿಲ್ಲುವ, ನಡುವೆ ನೀರಿನ ತಟ್ಟೆಯಿರುವ ಗೂಡು. ಕೆಳಗೆ ಇದ್ದಿಲು, ಅದರ ಮೇಲೆ ನೀರು, ನೀರಿನ ಮೇಲೆ ಮಾಂಸ. ತಟ್ಟೆಯಲ್ಲಿ ನೀರಿರುವ ತನಕ ಅದು ಹೆಚ್ಚಿನ ಕಾವನ್ನು ತಾನು ಹೀರಿಕೊಂಡು, ಶಾಖ ಒಮ್ಮೆಲೇ ಏರದಂತೆ ತಡೆಯುತ್ತದೆ. ಕೊಲ್ಲಾಪುರದ ಉದ್ಯಮನಗರದಲ್ಲಿ ತಗಡಿನ ಕೆಲಸ ಬಲ್ಲ ಕುಶಲಿಗಳಿಗೆ ಕೊರತೆಯಿಲ್ಲ. ಚಿತ್ರ, ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಸ್ವಂತ ಹಿತ್ತಲಿದ್ದ ಹಳ್ಳಿಯ ಮನೆಯವರು ಇಟ್ಟಿಗೆ-ಮಣ್ಣಿನಿಂದಲೇ ಗೂಡು ಕಟ್ಟಿಸುವುದು ಇನ್ನೂ ಅಗ್ಗ. ಕಾಯಲು ಒಂದು ಗಂಟೆ ಹೆಚ್ಚು ಬೇಕು. ಒಮ್ಮೆ ಕಾಯಿತೆಂದರೆ ಗಾಳಿ ಬೀಸಲಿ, ಚಳಿಯಿರಲಿ, ಶಾಖ ಅಲುಗದು. ಮಳೆಗಾಲಕ್ಕೆ ಮೇಲೊಂದು ತಗಡಿನ ಮಾಡು ಬೇಕಷ್ಟೆ.

ಪೀಪಾಯಿಯ ಪ್ರಶ್ನೆ

ಪೀಪಾಯಿಯಿಂದಲೇ ಮಾಡಿಸುವುದಾದರೆ ಹೊಸದನ್ನು, ಇಲ್ಲವೆ ಖಾದ್ಯ ಪದಾರ್ಥವನ್ನು ತುಂಬಿದ್ದೆಂದು ಖಾತ್ರಿಯಿದ್ದುದನ್ನು ಮಾತ್ರ ತೆಗೆದುಕೊಳ್ಳಬೇಕು. ರಾಸಾಯನಿಕ ತುಂಬಿದ್ದನ್ನು ಎಷ್ಟು ತೊಳೆದರೂ, ಎಷ್ಟು ಸುಟ್ಟರೂ ನಂಬಲಾಗದು. ಒಳಗೆ ಬಣ್ಣದ ಲೇಪವಿದ್ದರೆ ಅದನ್ನು ಪೂರ್ತಿ ತೆಗೆಸಬೇಕು. ಸತುವಿನ ಲೇಪವಿರುವ ತಗಡು ಬೆಂಕಿಯ ಭಾಗಕ್ಕೆ ಸಲ್ಲದು. ಅತಿಯಾಗಿ ಕಾದಾಗ ಅದರಿಂದ ಏಳುವ ಹೊಗೆ ಜ್ವರ ತರಿಸುತ್ತದೆ.

ಕಟ್ಟಿಗೆಯ ವಿಷಯದಲ್ಲೂ ಹೀಗೆಯೇ. ಪೇರಲ, ಮಾವು, ಹುಣಸೆಯ ಚೆನ್ನಾಗಿ ಒಣಗಿದ ತುಂಡುಗಳು ಉತ್ತಮ. ಜಾಲಿಯ ವಾಸನೆ ಕಟು, ಸ್ವಲ್ಪವೇ ಸಾಕು. ಶಾಖಕ್ಕೆ ಇದ್ದಿಲು, ರುಚಿಗೆ ಮುಷ್ಟಿಗಾತ್ರದ ಎರಡು ಮೂರು ತುಂಡು ಕಟ್ಟಿಗೆ: ಇದು ನಮ್ಮ ಲೆಕ್ಕ. ಬೇವು ಕಹಿ, ನೀಲಗಿರಿಯಲ್ಲಿ ಎಣ್ಣೆ, ಸಾಮಾನು ತುಂಬಿ ಬರುವ ಪೈನ್ ಪೆಟ್ಟಿಗೆಗಳಲ್ಲಿ ರಾಳ, ಇವು ಬೇಡ. ಪ್ಲೈವುಡ್, ಬಣ್ಣ ಹಚ್ಚಿದ ಹಲಗೆ ಮುಟ್ಟಲೇಬಾರದು. ಹಿತ್ತಲಲ್ಲಿ ಹೂವಿಗಾಗಿ ಬೆಳೆಸಿದ ಕಣಗಿಲೆಯ ಒಂದು ಕಡ್ಡಿಯೂ ಒಲೆಗೆ ಬೀಳದಂತೆ ಎಚ್ಚರವಿರಲಿ. ಅದರ ಹೊಗೆಯೂ ವಿಷ.

ಉಷ್ಣಮಾಪಕ ಎರಡಿರಲಿ

ಮುಚ್ಚಳಕ್ಕೆ ಕೂಡಿಸಿದ ಗಡಿಯಾರದಂಥ ಮಾಪಕವನ್ನು ಪೂರ್ತಿ ನಂಬಬೇಡಿ. ಅದು ತೋರಿಸುವುದು ಮೇಲಿನ ಗಾಳಿಯ ಶಾಖ. ಮಾಂಸ ಇರುವ ಜಾಲರಿಯ ಬಳಿ ಒಂದು, ಮಾಂಸದ ಒಳಗೆ ಚುಚ್ಚಲು ಒಂದು ಬೇಕು. ಕೊಂಡ ದಿನವೇ ಕುದಿಯುವ ನೀರಿನಲ್ಲಿ ಅದ್ದಿ ನೋಡಿರಿ. ಕೊಲ್ಲಾಪುರ ಸಮುದ್ರಮಟ್ಟದಿಂದ 550 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಮಾಪಕ ಅಷ್ಟು ತೋರಿಸಿದರೆ ಸರಿ.

ಕೋಳಿಯ ತೊಡೆಯ ಒಳಗೆ 74 ಡಿಗ್ರಿ ತಲುಪದೆ ಯಾರ ತಟ್ಟೆಗೂ ಬಡಿಸಕೂಡದು. ಆಡಿನ ತೊಡೆ ಆ ಶಾಖಕ್ಕೆ ಬೆಂದಿದ್ದರೂ ಬಿರುಸಾಗಿಯೇ ಇರುತ್ತದೆ. 90 ಡಿಗ್ರಿಯ ಸುಮಾರಿಗೆ ನಾರು ಸಡಿಲಿ ಮೆತ್ತಗಾಗುತ್ತದೆ. ನಡುವೆ 65-70 ಡಿಗ್ರಿಯಲ್ಲಿ ಮಾಪಕದ ಮುಳ್ಳು ಗಂಟೆಗಟ್ಟಲೆ ನಿಂತುಬಿಡುವುದುಂಟು. ಮಾಂಸದ ತೇವ ಆವಿಯಾಗಿ ಅದನ್ನು ತಂಪಾಗಿಸುವುದೇ ಕಾರಣ. ಗಾಬರಿಗೊಂಡು ಬೆಂಕಿ ಹೆಚ್ಚಿಸಬಾರದು. ನಮ್ಮ ಆಡಿನ ಮಾಂಸದಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಎರಡು ಗಂಟೆಯ ಮೇಲೆ ಬಾಳೆಯೆಲೆಯಲ್ಲಿ ಸುತ್ತಿಟ್ಟರೆ ಒಣಗದು. ಹೊಗೆ ತಾಗಿತೆಂದ ಮಾತ್ರಕ್ಕೆ ಮಾಂಸ ಕೆಡುವುದಿಲ್ಲವೆಂದು ತಿಳಿಯಬೇಡಿ. ಬೇಸಿಗೆಯ ಬಿಸಿಲಿನಲ್ಲಿ ಬೆಂದದ್ದನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು.

ಇನ್ನೊಂದು ಮಾತು. ಮಳೆ ಬಂತೆಂದು ಗೂಡನ್ನು ಪಡಸಾಲೆಗೋ ಮುಚ್ಚಿದ ಕೋಣೆಗೋ ಒಯ್ಯಬಾರದು. ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣ ತೆಗೆಯುತ್ತದೆ. ಹಿತ್ತಲಿಲ್ಲದ ಬಾಡಿಗೆ ಮನೆಯವರು ಅಡಿಗೆಯಾದ ಪಾತ್ರೆಯಲ್ಲಿ ಚಿಕ್ಕ ಬಟ್ಟಲಿಟ್ಟು, ಅದರಲ್ಲಿ ಒಂದು ಕೆಂಡವಿಟ್ಟು, ತುಪ್ಪದ ಹನಿ ಬಿಟ್ಟು, ಐದು ನಿಮಿಷ ಮುಚ್ಚಿದರೆ ಸಾಕು. ಮಾಂಸ ತಿನ್ನದ ಮನೆಯವರಿಗೂ ಗೂಡು ವ್ಯರ್ಥವಲ್ಲ: ಬದನೆಕಾಯಿ, ಗೋವಿನಜೋಳದ ತೆನೆ, ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿಗೂ ಹೊಗೆಯ ಸೊಗಸು ಬರುತ್ತದೆ.

ಈ ದೀಪಾವಳಿಯ ಮರುವಾರ ನಮ್ಮ ಹುಡುಗ ಮತ್ತೆ ಗಡಹಿಂಗ್ಲಜಕ್ಕೆ ಬಂದ. ಈ ಸಲ ಹೊಸ ತಗಡಿನ ಗೂಡು, ನೀರಿನ ತಟ್ಟೆ, ಎರಡು ಮಾಪಕ, ಪೇರಲದ ಒಣ ಕಟ್ಟಿಗೆ. ಅತ್ತೆ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತರು. ಮಾಪಕವನ್ನು ನೋಡಲಿಲ್ಲ, ಆಗಾಗ ಅಂಗೈಯನ್ನು ಕಿಂಡಿಯ ಬಳಿ ಹಿಡಿದು, “ಇರಲಿ, ಮುಟ್ಟಬ್ಯಾಡ” ಎನ್ನುತ್ತಿದ್ದರು. ಮಾಪಕದ ಮುಳ್ಳು 116ರ ಆಚೀಚೆಯೇ ನಿಂತಿತ್ತು. ಮೂರನೆಯ ತಾಸಿಗೆ ಕೋಳಿ ಇಳಿಯಿತು. ಚುಚ್ಚಿ ನೋಡಿ, ಸೀಳಿ ನೋಡಿ, ಎಲ್ಲ ಸರಿಯೆನಿಸಿದ ಮೇಲೆ ಮೊದಲ ತುತ್ತನ್ನು ಅವರೇ ಮಕ್ಕಳ ಬಾಯಿಗೆ ಇಟ್ಟರು.